ಗುಬ್ಬಿಯ ತಲೆಯ ಮೇಲೊಂದು ಕ್ಯಾರಿಯರ್

ಗಂಡಸಾಗಿ ಹುಟ್ಟಿದ ಮೇಲೆ ಜೀವನದಲ್ಲಿ ಒಂದು ಸಲವಾದರೂ ತನ್ನ ಕೈಯಾರೆ ಕಬ್ಬಿಣ ಕೊಯ್ದು ಏನಾದರೊಂದು ಮಾಡಬೇಕು. ಇದು ನನ್ನ ಸಿದ್ಧಾಂತ. ಸಿದ್ಧಾಂತ ಹುಟ್ಟಿ ಇಪ್ಪತ್ತು ವರ್ಷವಾಗಿತ್ತು, ಕಬ್ಬಿಣ ಮಾತ್ರ ಸಿಕ್ಕಿರಲಿಲ್ಲ. ಮೊನ್ನೆ ಅದೂ ಸಿಕ್ಕಿತು ನೋಡಿ!

ನಮ್ಮ ಮನೆಯಲ್ಲೊಂದು ಕಾರಿದೆ. ನನ್ನ ವಯಸ್ಸಿನದು, ಎರಡೇ ಬಾಗಿಲಿನದು, ಹೆಸರು ಗುಬ್ಬಿ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ನಿವೃತ್ತರಾದ ನನ್ನ ಮಾವನವರು ಅದನ್ನು ಗಡಿಯಾರದಷ್ಟೇ ನಾಜೂಕಾಗಿ ಇಟ್ಟುಕೊಂಡು, ವಯಸ್ಸಾದ ಮೇಲೆ ನನಗೆ ಒಪ್ಪಿಸಿದರು. ಮಗಳನ್ನು ಒಪ್ಪಿಸುವಾಗ ಅವರ ಕಣ್ಣಲ್ಲಿ ನೀರು ಬಂದಿರಲಿಲ್ಲ. ಕಾರಿನ ಕೀ ಕೊಡುವಾಗ ಬಂತು! ಇಂಥ ಗುಬ್ಬಿಗೆ ಇರುವ ಕುಂದು ಒಂದೇ, ಡಿಕ್ಕಿ. ಅದರಲ್ಲಿ ಒಂದು ಕೊಡೆ ಇಟ್ಟರೆ ಇನ್ನೊಂದು ಕೊಡೆಯನ್ನು ನಾವು ಬಿಚ್ಚಿ ಹಿಡಿದುಕೊಂಡೇ ಹೋಗಬೇಕು.

ಹೀಗಿರುವಾಗ ನನ್ನ ಹೆಂಡತಿಗೆ ಒಂದು ದೊಡ್ಡ ಕೆಲಸ ಬಂತು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಇಷ್ಟು ವರ್ಷ ರವಿಕೆ, ಲಂಗ, ಯೂನಿಫಾರಂ ಹೊಲಿದವಳಿಗೆ ಶಾಲೆಯೊಂದರ ಹೊಸ ಸಭಾಂಗಣಕ್ಕೆ ಪರದೆ ಹೊಲಿಯುವ ಅವಕಾಶ! ದಪ್ಪ ಮಖಮಲ್ಲು, ಕೆಂಪು ಬಣ್ಣ, ಎರಡು ಭಾಗ. ಒಂದು ತಿಂಗಳು ಊಟ ತಿಂಡಿ ಮರೆತು ಹೊಲಿದಳು. ಶನಿವಾರ ನಾಲ್ಕು ಗಂಟೆಗೆ ಮಕ್ಕಳ ನಾಟಕ, ಅಷ್ಟರೊಳಗೆ ಪರದೆ ತೂಗಬೇಕು. ಮಖಮಲ್ಲು ಮಡಚಿದರೆ ಗೆರೆ ಬೀಳುತ್ತದೆಂದು ಉದ್ದನೆಯ ಬಿದಿರಿಗೆ ಸುತ್ತಿಟ್ಟಿದ್ದಳು.

"ರೀ, ಶನಿವಾರಕ್ಕೆ ಒಂದು ವ್ಯಾನ್ ಹೇಳಿಬಿಡ್ಲಾ?" ಎಂದಳು.

"ವ್ಯಾನಾ? ನಾನಿರುವಾಗ? ಗುಬ್ಬಿ ಇರುವಾಗ?"

"ಗುಬ್ಬಿ ಒಳಗೆ ಇದು ಹಿಡ್ಸುತ್ತಾ?"

"ಒಳಗೆ ಯಾಕೆ ಹಿಡಿಸ್ಬೇಕು? ಮೇಲೆ ಹೋಗುತ್ತೆ! ಕ್ಯಾರಿಯರ್ ಮಾಡ್ತೀನಿ. ನಾನೇ!"

ಅವಳು ಮಷೀನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೋದ ವರ್ಷ ನೀವು ಮಾಡಿದ ಗೋಡೆ ಶೆಲ್ಫು..."

"ಅದು ಗೋಡೆಯ ತಪ್ಪು."

"ವ್ಯಾನಿನವರ ಹತ್ರ ಸುಮ್ನೆ ಒಂದು ಮಾತು ಕೇಳಿಟ್ಟಿರ್ಲಾ?"

"ನಂಬಿಕೆ ಇಲ್ವಾ ನನ್ಮೇಲೆ?"

ಇಂಥ ಪ್ರಶ್ನೆಗೆ ಯಾವ ಹೆಂಡತಿ ತಾನೇ ಬಾಯಿಬಿಟ್ಟು ಉತ್ತರ ಹೇಳುತ್ತಾಳೆ? ಅವಳು ಮಷೀನು ತುಳಿಯತೊಡಗಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ನಾನು ಅಟ್ಟದಿಂದ ಹಳೆಯ ಕಬ್ಬಿಣದ ಮಂಚವನ್ನು ಇಳಿಸಿದೆ.

ಅಳತೆ ತೆಗೆಯಲು ನನ್ನ ಸ್ಟೀಲ್ ಟೇಪು ಹಿಡಿದು ಗುಬ್ಬಿಯ ಹತ್ತಿರ ಹೋದೆನೋ ಇಲ್ಲವೋ, ಮಾವನವರು ಕುರ್ಚಿಯಿಂದಲೇ ಗುಡುಗಿದರು. "ಅಳಿಯಂದಿರೇ! ಅದರ ಮೈಗೆ ಕಬ್ಬಿಣ ತಾಗಿಸ್ಬೇಡಿ. ಗೀರು ಬೀಳುತ್ತೆ."

ಸರಿ. ಹಿರಿಯರ ಮಾತು. ಮಷೀನಿನ ಮೇಲಿದ್ದ ಹೆಂಡತಿಯ ಮೆತ್ತನೆಯ ಟೇಪನ್ನು ಎತ್ತಿಕೊಂಡು ಬಂದು ಚಾವಣಿ ಅಳೆದೆ. ಗುಬ್ಬಿಯ ಚಾವಣಿಯ ಎರಡೂ ಅಂಚಿಗೆ ಮಳೆನೀರು ಹರಿಯಲು ಸಣ್ಣ ಕಾಲುವೆ ಇದೆ, ಕ್ಯಾರಿಯರಿನ ಕಾಲುಗಳು ಅದರಲ್ಲೇ ಕೂರಬೇಕು. ಈ ಕಾಲುವೆಯಿಂದ ಆ ಕಾಲುವೆಗೆ ನಲವತ್ತನಾಲ್ಕು ಇಂಚು. ಮೂರು ಸಲ ಅಳೆದೆ, ಮೂರು ಸಲವೂ ನಲವತ್ತನಾಲ್ಕೇ! ಕೈಮೇಲೆ ಬರೆದುಕೊಂಡು, ಟೇಪನ್ನು ಇದ್ದಲ್ಲೇ ಇಟ್ಟೆ. ಕಬ್ಬಿಣ ಕೊಯ್ಯುವಾಗ ಮಾತ್ರ ಕಬ್ಬಿಣಕ್ಕೆ ತಕ್ಕ ಸ್ಟೀಲ್ ಟೇಪನ್ನೇ ಹಿಡಿದೆ. ಬಟ್ಟೆಯ ಟೇಪು ಸುಕುಮಾರ ಕೆಲಸಕ್ಕೆ, ಸ್ಟೀಲ್ ಟೇಪು ಪೌರುಷಕ್ಕೆ!

ನಾಲ್ಕು ದಿನ ಗರಗಸದ ಕರ್ಕಶಕ್ಕೆ ಬೀದಿಯ ನಾಯಿಗಳು ಜಾಗ ಬದಲಾಯಿಸಿದವು. ಎಡಗೈಯ ಎರಡು ಬೆರಳಿಗೆ ಪಟ್ಟಿ ಬಂತು. ಶನಿವಾರ ಬೆಳಿಗ್ಗೆ ಕೊನೆಯ ನಟ್ಟು ಬಿಗಿದು, ಕಪ್ಪು ಬಣ್ಣ ಬಳಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನಿಜ ಹೇಳುತ್ತೇನೆ, ಎದೆ ಉಬ್ಬಿತು!

ಮಧ್ಯಾಹ್ನ ಒಂದು ಗಂಟೆಗೆ ಮಾವನವರು ಚಾವಣಿಗೆ ಕಂಬಳಿ ಹಾಸಿದರು. ನಾನು ಕ್ಯಾರಿಯರ್ ಎತ್ತಿ ಇಟ್ಟೆ. ಎಡಗಾಲುಗಳು ಕಾಲುವೆಯಲ್ಲಿ ಕೂತವು. ಬಲಗಾಲುಗಳು ಗಾಳಿಯಲ್ಲಿ! ಬಲಕ್ಕೆ ಎಳೆದರೆ ಎಡ ಇಲ್ಲ, ಎಡಕ್ಕೆ ಎಳೆದರೆ ಬಲ ಇಲ್ಲ. ಸರಿಯಾಗಿ ಎರಡು ಇಂಚು ಅಗಲ ಹೆಚ್ಚು.

"ಏನಾಯ್ತು?" ಒಳಗಿನಿಂದ ಹೆಂಡತಿಯ ದನಿ.

"ಏನೂ ಇಲ್ಲ! ಕೂರ್ತಾ ಇದೆ!"

ಬುದ್ಧಿವಂತನಿಗೆ ಮೂರು ದಾರಿ ಎನ್ನುತ್ತಾರೆ. ನನಗೆ ಒಂದೇ ಸಾಕಾಯಿತು, ಹಗ್ಗ. ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು, ನೈಲಾನ್ ಹಗ್ಗವನ್ನು ಈ ಕಿಟಕಿಯಿಂದ ಹೊರಗೆಸೆದೆ. ಮಾವನವರು ಅದನ್ನು ಕ್ಯಾರಿಯರ್ ಮೇಲೆ ಹಾಯಿಸಿ ಆ ಕಿಟಕಿಯಿಂದ ಒಳಗೆ ಕೊಟ್ಟರು. ಹೀಗೆ ಎಂಟು ಸುತ್ತು. ಕಾಲು ಕೊಟ್ಟು ಎಳೆದೆ, ಹಲ್ಲು ಕಚ್ಚಿ ಬಿಗಿದೆ, ಏಳು ಗಂಟು ಹಾಕಿದೆ. ಕ್ಯಾರಿಯರ್ ಅಲುಗಾಡಲಿಲ್ಲ! ಅಪ್ಪ ಮಗಳು ಸೇರಿ, ಬೆಡ್‌ಶೀಟು ಸುತ್ತಿದ ಪರದೆಯನ್ನು ಮೇಲಿಟ್ಟು ಕಟ್ಟಿದರು.

"ಬಣ್ಣ ಒಣಗಿದ್ಯಾ?" ಎಂದಳು.

"ಆಗ್ಲೇ ಮುಟ್ಟಿ ನೋಡಿದ್ದೀನಿ." ಮುಟ್ಟಿದ್ದು ನಿಜ. ಒಂದು ಕಡೆ ಮುಟ್ಟಿದ್ದೆ.

ಅವಳು ಕತ್ತರಿ, ಟೇಪು, ಸೂಜಿದಾರದ ಚೀಲ ಹೆಗಲಿಗೇರಿಸಿ, ಸೀರೆ ಸರಿಮಾಡಿಕೊಂಡು ಬಂದು ಬಾಗಿಲಿನ ಹಿಡಿ ಎಳೆದಳು. ಬಾಗಿಲು ಬರಲಿಲ್ಲ. ಆ ಕಡೆಯದನ್ನು ಎಳೆದಳು. ಅದೂ ಇಲ್ಲ. ಬಗ್ಗಿ ಕಿಟಕಿಯೊಳಗೆ ನೋಡಿದಳು. ಹಗ್ಗ ಬಾಗಿಲುಗಳ ಚೌಕಟ್ಟನ್ನೂ ಸೇರಿಸಿ ಎಂಟು ಸುತ್ತು ಅಪ್ಪಿಕೊಂಡಿತ್ತು.

"ರೀ, ನಾನು ಎಲ್ಲಿಂದ ಹತ್ಲಿ?"

ನಾನು ಹಗ್ಗ ನೋಡಿದೆ. ಬಾಗಿಲು ನೋಡಿದೆ. ನನ್ನನ್ನೇ ನೋಡಿಕೊಂಡೆ.

"ನೀನು ಹತ್ತೋ ಮಾತು ಆಮೇಲೆ. ನಾನು ಎಲ್ಲಿಂದ ಇಳೀಲಿ?"

ಗಂಟು ಬಿಚ್ಚಿ ಮತ್ತೆ ಕಟ್ಟಲು ಸಮಯವಿರಲಿಲ್ಲ. ಕೊನೆಗೆ ಮಾವನವರು ತಮ್ಮ ಹಳೆಯ ಸ್ಕೂಟರ್ ತೆಗೆದರು, ಅವಳು ಹಿಂದೆ ಕೂತಳು. ಮುಂದೆ ಕಾರಿನಲ್ಲಿ ಕೈದಿ, ಹಿಂದೆ ಸ್ಕೂಟರಿನಲ್ಲಿ ಕಾವಲು. ಮೆರವಣಿಗೆ ಹೊರಟಿತು!

ದಾರಿಯುದ್ದಕ್ಕೂ ಏನೂ ಆಗಲಿಲ್ಲ. ನಾನು ಸಿಳ್ಳೆ ಕೂಡ ಹಾಕಿದೆ. ಆಗಿದ್ದೆಲ್ಲ ಶಾಲೆಯ ಅಂಗಳದಲ್ಲಿ. ಮೆಟ್ಟಿಲ ಮೇಲೆ ನಾಟಕದ ಮಕ್ಕಳು ರಾಜ, ಮಂತ್ರಿ, ಕರಡಿ ವೇಷದಲ್ಲಿ ಸಾಲಾಗಿ ಕೂತಿದ್ದರು. ನಡುವೆ ಮುಖ್ಯೋಪಾಧ್ಯಾಯಿನಿ. ಇಂಥ ಸಭೆಯ ಮುಂದೆ ಸ್ವಲ್ಪ ಠೀವಿಯಿಂದ ನಿಲ್ಲಿಸೋಣವೆಂದು ಬ್ರೇಕ್ ಒತ್ತಿದೆ. ಗುಬ್ಬಿ ನಿಂತಿತು. ಕ್ಯಾರಿಯರ್ ನಿಲ್ಲಲಿಲ್ಲ! ಕಾಲುವೆಯಲ್ಲಿ ಕಾಲೂರದ ಆ ಮಹಾರಾಯ ಅರ್ಧ ಅಡಿ ಮುಂದಕ್ಕೆ ಜಾರಿದ. ಅದರ ಮೇಲಿಂದ ಬಿದಿರು ಜಾರಿ ಬಾನೆಟ್ಟಿಗೆ ಮೂಗೂರಿತು. ಬೆಡ್‌ಶೀಟು ಬಿಚ್ಚಿತು, ಮಖಮಲ್ಲು ಹರಡಿತು. ನನಗೆ ಲೋಕವೆಲ್ಲ ಕೆಂಪಾಯಿತು. ಗುಬ್ಬಿಯೂ ನಾನೂ ಪರದೆಯ ಹಿಂದೆ ಮಾಯ.

ಹೊರಗೆ ಚಪ್ಪಾಳೆ! ಕರಡಿಯ ದನಿ ಕೇಳಿಸಿತು: "ಮಿಸ್, ನಮಗಿಂತ ಮುಂಚೆ ಇವರ ನಾಟಕಾನಾ?"

ಪರದೆ ಒಂದು ಬದಿಗೆ ಸರಿಯಿತು. ಸರಿಸಿದವಳು ನನ್ನ ಹೆಂಡತಿ. ಒಳಗೆ ನಾನು ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಮತ್ತೊಮ್ಮೆ ಚಪ್ಪಾಳೆ. ಎದ್ದು ನಿಂತು ನಮಸ್ಕರಿಸಲೂ ಆಗದ ಸ್ಥಿತಿ.

ನಾನು ನಗಲು ಹೋದೆ. ಅವಳ ಮುಖ ನೋಡಿ ನಗು ಗಂಟಲಲ್ಲೇ ಸತ್ತಿತು. ಅವಳು ಪರದೆಯ ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಜಾರುವಾಗ ಕ್ಯಾರಿಯರಿನ ಕಂಬಿ ಉಜ್ಜಿದ ಕಡೆ, ಒಣಗದ ಕಪ್ಪು ಬಣ್ಣದ ಗೆರೆ. ಅವಳು ಬೈದಿದ್ದರೆ ಸಹಿಸುತ್ತಿದ್ದೆ. ಬೈಯಲಿಲ್ಲ. ಒಂದು ತಿಂಗಳು ಅವಳ ಬೆನ್ನು ಬಗ್ಗಿದ್ದನ್ನು ನೋಡಿದವನು ನಾನು.

"ತಪ್ಪಾಯ್ತು ಕಣೇ," ಎಂದೆ.

ಅವಳು ಟೇಪು ತೆಗೆದು ಅಂಚಿನಿಂದ ಗೆರೆಯವರೆಗೆ ಅಳೆದಳು. "ಮೂರೂವರೆ. ಅಂದ್ರೆ ಒಂದೂವರೆ," ಎಂದು ತನ್ನಷ್ಟಕ್ಕೆ ಗೊಣಗಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು. "ಸದ್ಯ. ಕೆಳಗಡೆ ಎರಡು ಇಂಚು ಹೆಚ್ಚಿಗೆ ಬಿಟ್ಟೇ ಹೊಲಿದಿದ್ದೆ. ಒಳಗೆ ಮಡಚಿದ್ರೆ ಕಾಣಲ್ಲ. ಅಪ್ಪಾ, ಇನ್ನೊಂದು ಭಾಗಾನೂ ಅಷ್ಟೇ ಮಡಚ್ಬೇಕು, ನೀನು ಹಿಡಿ. ಕಚ್ಚಾ ಹೊಲಿಗೆ ಸಾಕು."

ನನಗೆ ಮಾತ್ರ ಅವಳ ಗಣಿತ ಕಿವಿಯಲ್ಲೇ ಉಳಿದಿತ್ತು. "ಅದೇನು, ಮೂರೂವರೆ ಅಂದ್ರೆ ಒಂದೂವರೆ?"

"ಈ ಟೇಪಿನ ಮೊದಲ ಎರಡು ಇಂಚು ಹರಿದು ಹೋಗಿ ಮೂರು ವರ್ಷ ಆಯ್ತು. ಎಷ್ಟು ತೋರಿಸುತ್ತೋ ಅದರಲ್ಲಿ ನಾನು ಎರಡು ಕಳೀತೀನಿ."

ಎರಡು ಇಂಚು! ನಲವತ್ತನಾಲ್ಕು ಅಂದರೆ ನಲವತ್ತೆರಡು!

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ?"

ಅವಳು ತಲೆಯೆತ್ತಿ, ನನ್ನನ್ನೂ ಟೇಪನ್ನೂ ಚಾವಣಿಯನ್ನೂ ಒಂದಾದ ಮೇಲೊಂದು ನೋಡಿದಳು. ಎಲ್ಲ ಅರ್ಥವಾಯಿತು ಅವಳಿಗೆ.

"ತಗೊಳ್ಳೋ ಮುಂಚೆ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

ಅಪ್ಪ ಮಗಳು ಮೆಟ್ಟಿಲ ಮೇಲೆ ಕೂತು ಹೊಲಿಯತೊಡಗಿದರು. ಗಡಿಯಾರದ ಕೈ, ಮಾವನವರ ಹೊಲಿಗೆ ಮುತ್ತು ಪೋಣಿಸಿದಂತಿತ್ತು. ನನ್ನ ಪಾಲಿಗೆ ಬಂದದ್ದು ಕಿಟಕಿಯಿಂದ ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ. ಕರಡಿ ಓಡಾಡಿ ಸೂಜಿ ತಲುಪಿಸುತ್ತಿತ್ತು.

"ಆ ಕತ್ತರಿಯಿಂದ ಈ ಹಗ್ಗ ಒಂದು ಸಲ ಕತ್ತರಿಸಿಬಿಡೇ. ನಾನೂ ಬರ್ತೀನಿ," ಎಂದೆ.

"ಹೊಲಿಗೆ ಮುಗೀಲಿ."

"ಯಾಕೆ?"

"ಈಗ ಆಚೆ ಬಂದ್ರೆ ನೀವು ಸಹಾಯ ಮಾಡ್ತೀರ."

ಮುಖ್ಯೋಪಾಧ್ಯಾಯಿನಿಯವರು ಆ ಕಡೆ ತಿರುಗಿ ಕೆಮ್ಮಿದರು. ನಕ್ಕಿದ್ದು ಎಂದು ನನಗೆ ಗೊತ್ತು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಪರದೆ ತೂಗಿತು. ನಾಲ್ಕಕ್ಕೆ ಸರಿಯಾಗಿ ಸರಿಯಿತು. ಹಗ್ಗದಿಂದ ಬಿಡುಗಡೆಯಾದ ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಆ ಕೆಂಪು ಮಖಮಲ್ಲು ದೀಪದ ಬೆಳಕಿನಲ್ಲಿ ಎಷ್ಟು ಚೆಂದವಿತ್ತೆಂದರೆ, ನಾಟಕ ಶುರುವಾಗಿದ್ದೇ ಬೇಸರವಾಯಿತು. ವೇದಿಕೆಯಿಂದ ನನ್ನ ಹೆಂಡತಿಯ ಕೆಲಸವನ್ನು ಹೊಗಳಿದಾಗ ಅವಳು ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನಾನೇ. ಅಂಗಳದಲ್ಲಿ ಮಾವನವರು ಗಡಿಯಾರ ನೋಡುವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಗುಬ್ಬಿಯ ಚಾವಣಿಯನ್ನು ಇಂಚಿಂಚೂ ಪರೀಕ್ಷಿಸಿ, "ಗೀರಿಲ್ಲ. ಬದುಕಿದ್ರಿ," ಎಂದರು.

ಕ್ಯಾರಿಯರ್ ಈಗ ಹೊಲಿಗೆ ಅಂಗಡಿಯ ಗೋಡೆಯಲ್ಲಿದೆ. ಹೊಲಿದಿಟ್ಟ ಬಟ್ಟೆಗಳನ್ನು ನೇತುಹಾಕಲು ಹೇಳಿ ಮಾಡಿಸಿದಂತಿದೆ ಎಂದು ಬಂದವರೆಲ್ಲ ಮೆಚ್ಚುತ್ತಾರೆ. "ಅದಕ್ಕೇ ಮಾಡಿದ್ದು" ಎಂದು ನಾನು ಹೇಳುತ್ತೇನೆ.

ಪ್ರಾಯಶ್ಚಿತ್ತಕ್ಕೆಂದು ಅವಳಿಗೊಂದು ಹೊಸ ಟೇಪು ತಂದುಕೊಟ್ಟೆ. ಮೊದಲ ಇಂಚಿನಿಂದ ಕೊನೆಯ ಇಂಚಿನವರೆಗೆ ಗಟ್ಟಿಮುಟ್ಟಾದದ್ದು. ಅವಳು ಅದನ್ನು ಡ್ರಾಯರಿನೊಳಗೆ ಹಾಕಿ, ಹರಿದ ಟೇಪನ್ನೇ ಮತ್ತೆ ಕೊರಳಿಗೆ ಹಾಕಿಕೊಂಡಳು.

"ಆ ಸುಳ್ಳು ಟೇಪು ಇನ್ನೂ ಯಾಕೆ?" ಎಂದೆ.

"ಇದು ಎಷ್ಟು ಸುಳ್ಳು ಹೇಳುತ್ತೆ ಅಂತ ನಂಗೆ ಗೊತ್ತು, ಎರಡೇ ಇಂಚು," ಎಂದಳು ಮಷೀನು ತುಳಿಯುತ್ತ. "ನಿಮ್ಮ ಮಾತಲ್ಲಿ ಎಷ್ಟು ಕಳೀಬೇಕು ಅನ್ನೋದು ಹದಿನೆಂಟು ವರ್ಷ ಆದ್ರೂ ಸಿಕ್ಕಿಲ್ಲ."