ಕಾಕಾ ಇಳಿದ ಹೊಲಗಳು

ಇಡೀ ಧಾರವಾಡ ಜಿಲ್ಲೆಯಲ್ಲಿ ನಮ್ಮ ಕಾಕಾನಷ್ಟು ಸುರಕ್ಷತೆಯ ಹುಚ್ಚಿರುವ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಬಾಳೆಹಣ್ಣನ್ನು ತೊಳೆದು ಸುಲಿಯುತ್ತಾನೆ. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಗದಿದ್ದರೆ ಇಳಿದು ಮುಂದಿನ ಬಸ್ಸಿಗೆ ಕಾಯುತ್ತಾನೆ. ಇಂಥವನು ಹದಿನೈದು ದಿನಕ್ಕೊಮ್ಮೆ ಆಕಾಶದಿಂದ ಬೀಳುತ್ತಾನೆ, ಅಷ್ಟೇ!

"ಬೀಳೂದಲ್ಲ ಬೇ, ಇಳಿಯೂದು" ಎಂದು ಆತ ತಿದ್ದುತ್ತಾನೆ. ಇರಲಿ, ಇಳಿಯುತ್ತಾನೆ.

ಕಾಕಾ ಹಾರಿಸುವುದು ಗ್ಲೈಡರು, ಅಂದರೆ ಎಂಜಿನ್ನೇ ಇಲ್ಲದ ವಿಮಾನ. ಹುಬ್ಬಳ್ಳಿಯಾಚೆ ಆತನ ಗೆಳೆಯನ ಜಮೀನಿನಲ್ಲಿ ಉದ್ದನೆಯ ಹುಲ್ಲಿನ ಪಟ್ಟಿಯೊಂದಿದೆ. ಅಲ್ಲಿ ವಿಮಾನಕ್ಕೆ ಹಗ್ಗ ಕಟ್ಟಿ ಯಂತ್ರದಿಂದ ಎಳೆದು ಮೇಲೇರಿಸುತ್ತಾರೆ. ಹಗ್ಗ ಕಳಚಿದ ಮೇಲೆ ಬಿಸಿಲಿಗೆ ಮೇಲೇಳುವ ಗಾಳಿಯೇ ಗತಿ. ಹದ್ದು ಎಲ್ಲಿ ಸುತ್ತುತ್ತದೆಯೋ ಇವನೂ ಅಲ್ಲೇ ಸುತ್ತುತ್ತಾನೆ. ಗಾಳಿ ಕೈಕೊಟ್ಟರೆ ಯಾರದಾದರೂ ಹೊಲ ನೋಡಿಕೊಂಡು ಇಳಿಯಬೇಕು. ಆಮೇಲೆ ಜೀಪಿಗೆ ಮೂವತ್ತಡಿಯ ಟ್ರೇಲರ್ ಕಟ್ಟಿಕೊಂಡು ಹೋಗಿ, ರೆಕ್ಕೆ ಬಿಚ್ಚಿ, ವಿಮಾನವನ್ನೂ ಆತನನ್ನೂ ಹೇರಿಕೊಂಡು ಬರಲು ಒಬ್ಬರು ಬೇಕಲ್ಲ? ಆ ಒಬ್ಬರು ನಾನು. ಕುಂದಗೋಳದ ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಭಾನುವಾರ ಅನ್ನುವುದು ಇಲ್ಲವಾಗಿ ಆರು ವರ್ಷವಾಯಿತು. ಆತನನ್ನು ಬಿಟ್ಟರೆ ಮನೆಯಲ್ಲಿ ಗಾಡಿ ಓಡಿಸಲು ಬರುವವಳು ನಾನೊಬ್ಬಳೇ. ಹಟ ಹಿಡಿದು ಕಲಿಸಿದವನು ಇದೇ ಕಾಕಾ. ಯಾಕೆ ಕಲಿಸಿದ ಎಂಬುದು ತಿಳಿಯುವಷ್ಟರಲ್ಲಿ ತಡವಾಗಿತ್ತು.

ಆತ ಮೂವತ್ತು ವರ್ಷ ವಿದ್ಯುತ್ ಕಚೇರಿಯಲ್ಲಿ ಇಂಜಿನಿಯರ್ ಆಗಿದ್ದವನು. "ಈಗ ಬರ್ತದ್ರಿ ಕರೆಂಟು" ಎಂದು ಮೂವತ್ತು ವರ್ಷ ಊರೂರಿಗೆ ಹೇಳಿದವನಿಗೆ ಯಾವ ಕರೆಂಟಿನ ಮೇಲೂ ನಂಬಿಕೆ ಉಳಿದಿರಲಿಲ್ಲ. ಹಾಗಾಗಿ ವಿಮಾನದಲ್ಲಿ ಒಂದು ದೊಡ್ಡ ಬ್ಯಾಟರಿ. ಅದು ಸತ್ತರೆ ಇರಲಿ ಎಂದು ಇನ್ನೊಂದು. ಎರಡೂ ಸತ್ತರೆ ಜೇಬಿನಲ್ಲಿ ಎರಡು ಪವರ್ ಬ್ಯಾಂಕು. ಅವೂ ಸತ್ತರೆ ಮಡಚುವ ಸೋಲಾರ್ ಹಾಳೆ. ಸೂರ್ಯನೇ ಕೈಕೊಟ್ಟರೆ ಕೈಯಿಂದ ತಿರುಗಿಸುವ ಡೈನಮೊ! ಇಷ್ಟೆಲ್ಲ ಕಾವಲು ಅಂಗೈಯಗಲದ ಒಂದು ಹಳದಿ ಯಂತ್ರಕ್ಕೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಅದು ನೇರ ಉಪಗ್ರಹಕ್ಕೆ ಸುದ್ದಿ ಮುಟ್ಟಿಸುತ್ತದೆ. ನಮ್ಮ ದೇಶದಲ್ಲಿ ಅದನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕಾಕಾ ಎರಡು ವರ್ಷ ಅರ್ಜಿ ಬರೆದ. ಕೊನೆಗೆ ಅವರೇ ಬೇಸತ್ತು ಕೊಟ್ಟಿರಬೇಕು.

ಅದರಲ್ಲಿ ಮೂರು ದಾರಿ. ಮೊದಲನೆಯದು ಒತ್ತಿದರೆ ನನ್ನ ಫೋನಿಗೆ, ಇಂಗ್ಲಿಷ್ ಅಕ್ಷರಗಳ ಕನ್ನಡದಲ್ಲಿ, "ಸುಖವಾಗಿ ಇಳಿದಿದ್ದೇನೆ, ನಿಧಾನ ಬಾ" ಎಂದು ಬರುತ್ತದೆ, ಜೊತೆಗೆ ಇಳಿದ ಜಾಗದ ನಕಾಶೆ. ಎರಡನೆಯದು, "ಬೇಗ ಬಾ." ಮೂರನೆಯದು ಕೆಂಪು ಗುಂಡಿ. ಅದನ್ನು ಒತ್ತಿದರೆ ಯಾವುದೋ ದೇಶದಲ್ಲಿ ಕೂತವರು ಎದ್ದು ನಮ್ಮ ದೇಶದವರನ್ನು ಎಬ್ಬಿಸುತ್ತಾರಂತೆ.

ಮೊದಲ ಸಲ ಸುದ್ದಿ ಬಂದದ್ದು ನವಲಗುಂದದ ಕಡೆಯಿಂದ. ನಿಧಾನ ಬಾ ಅಂದರೆ ಯಾರಾದರೂ ನಿಧಾನ ಹೋಗುತ್ತಾರೆಯೇ? ಜೀವ ಕೈಯಲ್ಲಿ ಹಿಡಿದು ಓಡಿದೆ. ದಾರಿಯಲ್ಲಿ ನಾನು ಕಳಿಸಿದ ಒಂದು ಸುದ್ದಿಗೂ ಉತ್ತರವಿಲ್ಲ. ಹೋಗಿ ನೋಡಿದರೆ, ಕಡಲೆ ಕಿತ್ತ ಹೊಲದ ನಡುವೆ ವಿಮಾನ, ಅದರ ರೆಕ್ಕೆಯ ನೆರಳಿನಲ್ಲಿ ಹನ್ನೊಂದು ಮೊಬೈಲು ಸಾಲಾಗಿ ಚಾರ್ಜಿಗೆ ಬಿದ್ದಿವೆ. ಊರಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲವಂತೆ. ಹಳದಿ ಯಂತ್ರ ಮಾತ್ರ ಸತ್ತು ಮಲಗಿತ್ತು.

"ನಿನ್ನದಕ್ಕ ಚಾರ್ಜ್ ಹಚ್ಚಾಕ ಆಗಲಿಲ್ಲೇನು ಕಾಕಾ?"

"ಪಾಳಿ ಬರಲಿಲ್ಲ" ಎಂದ.

ನಾನು ಟ್ರೇಲರಿನ ಮೇಲೆ ಕೂತು ತಲೆ ಚಚ್ಚಿಕೊಂಡೆ. ಒಬ್ಬ ಮುದುಕಿ ಬಂದು ನನಗೆ ನೀರು ಕೊಟ್ಟಳು.

ಮುಂದಿನದು ಗುಡಗೇರಿ. ಅಲ್ಲಿ ಹೊಲದ ಯಜಮಾನ ದಾವಲಸಾಬ ವಿಮಾನವನ್ನು ಒಂದು ಸುತ್ತು ಹಾಕಿ ಕೇಳಿದನಂತೆ, "ಇಂಜಿನ್ ಎಲ್ಲೈತ್ರಿ ಸಾಹೇಬ್ರ?"

"ಇಂಜಿನ್ ಇಲ್ರಿ ಇದಕ್ಕ."

ದಾವಲಸಾಬ ದನಿ ತಗ್ಗಿಸಿ, "ಹಾದ್ಯಾಗ ಬಿತ್ತೇನ್ರಿ? ಹುಡುಕಾಕ ಮಂದಿ ಕಳಸ್ಲಿ?" ಎಂದನಂತೆ.

ನಾನು ತಲುಪಿದಾಗ ವಿಮಾನವಿತ್ತು, ಕಾಕಾ ಇರಲಿಲ್ಲ. ಬಾವಿ ಬಗ್ಗಿ ನೋಡಿದೆ, ಹಳ್ಳದವರೆಗೆ ಓಡಿ ಕೂಗಿದೆ. ಆತ ದಾವಲಸಾಬನ ಮನೆಯಲ್ಲಿ ಎರಡನೇ ಸಲ ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ಹೊಲದಲ್ಲಿ ಇಳಿದವನನ್ನು ಉಣಿಸದೆ ಕಳಿಸುವ ಊರು ನಮ್ಮ ಕಡೆ ಇಲ್ಲ. ಬೈಯಲು ಬಾಯಿ ತೆರೆದರೆ ನನ್ನ ತಾಟಿಗೂ ರೊಟ್ಟಿ ಬಿತ್ತು. ಎದೆ ಇನ್ನೂ ಹೊಡೆದುಕೊಳ್ಳುತ್ತಿರುವಾಗ ಬದನೆಕಾಯಿ ಎಣಗಾಯಿ ಉಂಡವರಿಗೆ ನನ್ನ ಕಷ್ಟ ತಿಳಿಯುತ್ತದೆ.

ಅಣ್ಣಿಗೇರಿ, ಮತ್ತೆ ನವಲಗುಂದ, ಆಮೇಲೆ ಕುಂದಗೋಳ. ಪ್ರತಿ ಸಲವೂ ನಾನು ಸಾಯುತ್ತ ಹೋಗುವುದು, ಆತ ಉಂಡು ಕೂತಿರುವುದು. ಹಾರಾಟ ಬಿಡು ಎಂದು ಬೇಡಿಕೊಂಡೆ, ಜಗಳವಾಡಿದೆ, ಒಂದು ತಿಂಗಳು ಮಾತು ಬಿಟ್ಟೆ. ಆತ ಆ ತಿಂಗಳಲ್ಲಿ ಇನ್ನೊಂದು ಬ್ಯಾಟರಿ ತಂದ. ಈ ಮನುಷ್ಯ ಎಂದಾದರೊಂದು ದಿನ ಎಲ್ಲೋ ಬಿದ್ದು ಹೋಗುತ್ತಾನೆ, ನಾನು ಟ್ರೇಲರ್ ಕಟ್ಟಿಕೊಂಡು ಅದನ್ನೂ ನೋಡಬೇಕು ಎಂಬುದು ನನಗೆ ಖಾತ್ರಿಯಾಗಿಬಿಟ್ಟಿತ್ತು. ಹೀಗೆ ಹೆದರಿ ಓಡಿ ಓಡಿ ಸಾಕಾಗಿ ಕಳೆದ ಜನವರಿಯಲ್ಲಿ ಒಂದು ನಿರ್ಧಾರ ಮಾಡಿದೆ. ನಿಧಾನ ಬಾ ಅಂದನೋ, ನಿಧಾನವೇ ಹೋಗಬೇಕು.

ಮುಂದಿನ ಭಾನುವಾರವೇ ಸುದ್ದಿ ಬಂತು, ದೇವಿಕೊಪ್ಪದ ಕಡೆಯಿಂದ. ಸುಖವಾಗಿ ಇಳಿದಿದ್ದೇನೆ, ನಿಧಾನ ಬಾ. ಆಯಿತಪ್ಪ ಎಂದೆ. ತಲೆ ಬಾಚಿಕೊಂಡೆ. ಬಟ್ಟೆ ಒಣಹಾಕಿದೆ. ಕಲಘಟಗಿಯಲ್ಲಿ ಗಾಡಿ ನಿಲ್ಲಿಸಿ ಗಿರಮಿಟ್ಟು ತಿಂದೆ, ಮೇಲೆ ಚಹಾ ಕುಡಿದೆ. ಶಾಲೆಯ ಗೆಳತಿಯೊಬ್ಬಳು ಬಸುರಿ. ಅವಳಿಗೆಂದು ಅಲ್ಲಿನ ಅಂಗಡಿಯಲ್ಲಿ ಬಣ್ಣದ ತೊಟ್ಟಿಲುಗಳನ್ನು ಒಂದೊಂದಾಗಿ ತೂಗಿ ನೋಡಿದೆ. ಆರು ವರ್ಷದಲ್ಲಿ ಅಷ್ಟು ಹಾಯಾಗಿ ನಾನು ಎಲ್ಲಿಗೂ ಹೋಗಿರಲಿಲ್ಲ. ದೇವಿಕೊಪ್ಪ ಮುಟ್ಟುವಾಗ ಸುದ್ದಿ ಬಂದು ಮೂರು ತಾಸು ಕಳೆದಿತ್ತು.

ಕಾಕಾ ಕೊಯ್ದ ಭತ್ತದ ಗದ್ದೆಯಲ್ಲಿ, ವಿಮಾನಕ್ಕೆ ಬೆನ್ನು ಕೊಟ್ಟು ಕೂತಿದ್ದ. ಒಬ್ಬ ಹೆಣ್ಣುಮಗಳು ಅವನಿಗೆ ಕೊಡೆ ಹಿಡಿದು ನಿಂತಿದ್ದಳು. ನವಲಗುಂದದ ಬಯಲಿಗೆ ಪಳಗಿದ ಆತನ ಕಣ್ಣಿಗೆ ಗದ್ದೆಯ ಬದು ಮೇಲಿನಿಂದ ಕಂಡಿರಲಿಲ್ಲ. ಎರೆ ಹೊಲದಲ್ಲಿ ಬೆಳೆದವರು ಮಾಡುವ ತಪ್ಪು ಅದು. ಅಲ್ಲಿ ಅಡ್ಡ ಬರಲು ಏನೂ ಇರುವುದಿಲ್ಲ. ವಿಮಾನ ಬದುವಿಗೆ ಬಡಿದು ಮೂತಿ ಒಡೆದಿತ್ತು. ಆತನ ಎಡಗಾಲಿನ ಹರಡು ಮುರಿದು ಕುಂಬಳಕಾಯಿಯಷ್ಟು ಊದಿತ್ತು.

"ನೀನಾ ಏನ್ ಬೇ ಮಗಳು?" ಎಂದಳು ಕೊಡೆಯವಳು. "ಟ್ರ್ಯಾಕ್ಟರ್‌ನ್ಯಾಗ ದವಾಖಾನಿಗೆ ಒಯ್ತೀವಿ ಅಂದ್ರ ಒಲ್ಲೆ ಅಂದ್ರು. ಮಗಳು ಬರ್ತಾಳ, ಬರೇ ವಿಮಾನ ಕಂಡ್ರ ಅಂಜ್ತಾಳ ಅಂದ್ರು. ಹೊತ್ತು ಆತ್ ನೋಡು ಹಿಂಗ ಕುಂತು."

ಕಾಕಾ ಮದುವೆಯಾದವನಲ್ಲ. ನಾನು ಅವನ ಅಣ್ಣನ ಮಗಳು.

ಯಂತ್ರ ನೋಡಿದೆ. ಹಸಿರು ದೀಪ ಉರಿಯುತ್ತಿತ್ತು. ಬ್ಯಾಟರಿಗಳೆಲ್ಲ ತುಂಬಿದ್ದವು, ಒಂದೂ ಕೈಕೊಟ್ಟಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾ ನೆಟ್ಟಗ ಐತಿ. ಬೇಗ ಬಾ ಅಂತ ಯಾಕ ಕಳಸಲಿಲ್ಲ?"

"ಕಳಸಿದ್ರ ನೀ ಹೆಂಗ ಹೊಡ್ಕೊಂಡು ಬರ್ತಿದ್ದಿ ನನಗ ಗೊತ್ತಿಲ್ಲೇನು? ಅಡವಿ ರಸ್ತಾ, ಬರೇ ತಿರುವು. ಹಿಂದ ಅಷ್ಟುದ್ದ ಟ್ರೇಲರ್ ಬ್ಯಾರೆ." ಆತ ಕಾಲು ಸರಿಸಲು ಹೋಗಿ ಹಲ್ಲು ಕಚ್ಚಿದ. "ಗಾಡಿ ಕಲಿಸಿದಾಂವ ನಾನು. ನೀ ಹೆದರಿದ್ರ ಬ್ರೇಕ್ ಮರೀತಿ."

"ಕಾಕಾ, ನಾ ಬೇಕಂತನ ತಡಾ ಮಾಡಿದೆ. ಕಲಘಟಗ್ಯಾಗ ಕುಂತು ಗಿರಮಿಟ್ ತಿಂದೆ."

"ಚಲೋ ಮಾಡಿದಿ" ಎಂದ. "ಉಪಾಸ ಬಂದಿಯೇನೋ ಅಂತ ಚಿಂತಿ ಆಗಿತ್ತು ನನಗ."

ನಾಲ್ಕು ಜನ ಸೇರಿ ಆತನನ್ನು ಎತ್ತಿ ಜೀಪಿಗೆ ಹಾಕಿದರು. ವಿಮಾನವನ್ನೂ ಟ್ರೇಲರನ್ನೂ ಅಲ್ಲೇ ಬಿಟ್ಟೆವು. ಹುಬ್ಬಳ್ಳಿಯ ದಾರಿ ಹಿಡಿದು ಎರಡು ತಿರುವು ಹೋಗಿರಬೇಕು, ರಸ್ತೆ ಮಂಜಾಯಿತು. ಕಣ್ಣೊರೆಸಿಕೊಂಡರೆ ಮತ್ತೆ ಮಂಜು. ಮೂರು ತಾಸು, ಮೂರು ತಾಸು ಎಂಬುದೊಂದೇ ತಲೆಯಲ್ಲಿ. ನನಗೆ ನನ್ನ ಮೇಲೆ ಅಂಥ ಅಸಹ್ಯ ಎಂದೂ ಆಗಿರಲಿಲ್ಲ.

ಕಾಕಾ ಹಿಂದಿನ ಸೀಟಿನಿಂದ ನನ್ನ ಹೆಗಲು ಮುಟ್ಟಿದ. "ಗಾಡಿ ಬಾಜೂಕ ಹಾಕು. ಮೊದಲ ಅತ್ತು ಮುಗಿಸು, ಆಮ್ಯಾಲೆ ಹೋಗೂಣು."

ತೇಗದ ಗಿಡದ ಕೆಳಗೆ ಗಾಡಿ ನಿಲ್ಲಿಸಿದೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಮುರಿದ ಕಾಲು ಸೀಟಿನ ಮೇಲೆ ಚಾಚಿಕೊಂಡು, ಒಂದು ಸಲವೂ ನರಳದೆ, ಆತ ನನಗಾಗಿ ಕಾದ.