ಮುಳುಗುವವನ ಗಡಿಯಾರಕ್ಕೆ ಸೆಲ್ಲು ಹಾಕಿದ್ದು

ಸೆಲ್ಲಿನಿಂದ ನಡೆಯುವ ವಸ್ತು ನಮ್ಮ ತಾಲೂಕಿನಲ್ಲಿ ಎಲ್ಲೇ ನಿಲ್ಲಲಿ, ಕೊನೆಗೆ ಅದು ಚಿತ್ತಾಪುರದ ನನ್ನ ಗಡಿಯಾರದ ಅಂಗಡಿಗೇ ಬಂದು ಬೀಳುತ್ತದೆ. ಕಿವಿಗೆ ಹಾಕುವ ಮಷೀನು, ಮಾತಾಡುವ ಗೊಂಬೆ, ದೇವರ ಫೋಟೊದ ಸುತ್ತ ಮಿಣುಗುವ ದೀಪ, ಎಲ್ಲದಕ್ಕೂ ಒಂದೇ ಮಾತು: "ಜರಾ ಸೆಲ್ ಹಾಕಿ ಕೊಡ್ರಿ, ಅಷ್ಟೇ ಅದ." ಈ 'ಅಷ್ಟೇ' ಎಂಬುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಆದರೆ ಅದೊಂದು ವಾರ ಆದಷ್ಟು ಸಾಕುಬೇಕು ನನಗೆ ಮತ್ತೆಂದೂ ಆಗಿಲ್ಲ.

ಟೈಮ್ ಬಿಟ್ಟು ಎಲ್ಲ ತೋರಿಸುವುದು

ನಮ್ಮೂರಿಗೆ ಮೊಬೈಲು ಆಗಷ್ಟೇ ಕಾಲಿಟ್ಟಿತ್ತು. ಮಳೆಗಾಲ ಮುಗಿದು ಬಿಸಿಲು ಮತ್ತೆ ಏರುತ್ತಿತ್ತು. ಕಾಗಿಣಾ ಹೊಳೆ ತುಂಬಿ ಬಂದು ಇಳಿದಿತ್ತು. ಇಳಿಯುವಾಗ ದಂಡೋತಿ ಕಡೆಯ ಪಂಪ್‌ಹೌಸಿನ ಆಳ ಬಾವಿಯಲ್ಲಿ ಕಸ ತುಂಬಿ, ನೀರು ಒಳಬರುವ ಕಬ್ಬಿಣದ ಜಾಲರಿ ಕಟ್ಟಿಕೊಂಡಿತ್ತು. ನಮ್ಮ ಓಣಿಗಳ ನಳ ಪೂರಾ ನಿಂತಿದ್ದವು. ಜಾಲರಿ ಬಿಡಿಸಲು ಕಾರವಾರದ ಕಡೆಯಿಂದ ಒಬ್ಬ ಮುಳುಗುಗಾರನನ್ನು ಕರೆಸಿದ್ದರು. ಪಂಪ್‌ಹೌಸಿನ ಸಾಹೇಬರು ಅವನನ್ನು ನೇರ ನನ್ನ ಅಂಗಡಿಗೆ ಕರೆತಂದರು.

ಅವನು ಮಣಿಕಟ್ಟಿನಿಂದ ಬಿಚ್ಚಿ ಕೊಟ್ಟದ್ದು ಅಂಗೈಯಗಲದ ಕಪ್ಪು ಗಡಿಯಾರ. "ಇದು ಡೈವ್ ಕಂಪ್ಯೂಟರ್. ಸೆಲ್ ಹೋಗಿದೆ. ಇದಿಲ್ಲದೆ ನಾನು ಇಳಿಯೋದಿಲ್ಲ" ಎಂದ.

"ಟೈಮ್ ತೋರಸ್ತದೇನು?" ಎಂದರು ಸಾಹೇಬರು.

"ಎಷ್ಟು ಆಳ ಇದ್ದೇನೆ, ಎಷ್ಟು ಹೊತ್ತಾಯಿತು, ಎಷ್ಟು ನಿಧಾನ ಮೇಲೆ ಬರಬೇಕು, ಎಲ್ಲ ತೋರಿಸ್ತದೆ. ತಪ್ಪು ತೋರಿಸಿದರೆ ಜೀವ ಹೋಗ್ತದೆ."

"ನಮ್ಮ ಹೊಳಿ ಮಂದಿ ಮೂಗು ಹಿಡ್ಕೊಂಡು ಮುಳುಗ್ತಾರ. ಉಸಿರು ಮುಗದ್ರ ಮ್ಯಾಲ ಬರ್ತಾರ. ಅದಕ್ಕ್ಯಾಕ ಕಂಪ್ಯೂಟರ್?"

"ಹಾಗಾದರೆ ಅವರನ್ನೇ ಇಳಿಸಿ ಸರ್."

ಸಾಹೇಬರು ನನ್ನ ಕಡೆ ತಿರುಗಿದರು. "ಅವರಿಗೂ ಕೇಳೀನ್ರಿ. ಮದಲ ಕಂಪ್ಯೂಟರ್ ಇದ್ದಾಂವ ಇಳೀಲಿ, ಅಂವ ಮ್ಯಾಲ ಬಂದ್ರ ನಾವೂ ಇಳೀತೀವಿ ಅಂದ್ರು."

ಖಾರದ ಸೆಲ್ಲು

ಆ ಅಳತೆಯ ಸೆಲ್ಲು ನನ್ನ ಹತ್ತಿರ ಇರಲಿಲ್ಲ. ಊರಿಗೆಲ್ಲ ನೀರು ಬರಬೇಕೆಂದರೆ ನಾನು ಬಸ್ಸು ಹತ್ತಬೇಕಾಯಿತು. ವಾಡಿಯಲ್ಲಿ ಇಲ್ಲ. ಶಹಾಬಾದಿನಲ್ಲಿ "ನಿನ್ನೆ ಇತ್ತು" ಎಂದರು. ನಾನು ಹೋದ ಅಂಗಡಿಯಲ್ಲೆಲ್ಲ ಬೇಕಾದದ್ದು ನಿನ್ನೆಯೇ ಇರುತ್ತದೆ. ಚಿಂಚೋಳಿ ಹತ್ತಿರದ ಚಂದಾಪುರದ ಪರಿಚಯದವನಿಗೆ ಫೋನು ಮಾಡಿದೆ. "ಅದ ಅನಸ್ತದ್ರಿ, ಬಂದು ಹುಡಿಕಿ ನೋಡ್ರಿ" ಎಂದ. ಅಷ್ಟು ದೂರ ಹೋಗಿ ಅವನ ಅಂಗಡಿ ಗುಡಿಸುವ ಶಕ್ತಿ ನನಗೆ ಇರಲಿಲ್ಲ.

ಕೊನೆಗೆ ಸೇಡಂನ ಒಂದು ಅಂಗಡಿಯಲ್ಲಿ ಸಿಕ್ಕಿತು. ಮುಳುಗುಗಾರನೂ ಜೊತೆಗೆ ಬಂದಿದ್ದ. ಒಂದು ಹಳೇ ಡಬ್ಬಿಯಲ್ಲಿ ಅದೇ ಅಳತೆಯ ಸೆಲ್ಲುಗಳು ಸಡಿಲಾಗಿ ಬಿದ್ದಿದ್ದವು. "ಹೊಸಾವೇನ್ರಿ?" ಎಂದು ಕೇಳಿದೆ. ಅಂಗಡಿಯ ಯಜಮಾನರು ಒಂದನ್ನು ಎತ್ತಿ, ಚುರ್ ಅನ್ನುತ್ತದೋ ಎಂದು ನಾಲಿಗೆಗೆ ಮುಟ್ಟಿಸಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ನೆಕ್ಕಿದರು. ಜೀವ ಪಣಕ್ಕಿಟ್ಟು ಇಳಿಯುವವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಮೂರನೆಯದಕ್ಕೆ ಅವರ ಮುಖ ಅರಳಿತು.

"ಅವೆರಡೂ ಸಪ್ಪಗ ಅವ. ಇದು ಭಾಳ ಖಾರ ಅದ, ಇದನ್ನ ಹಾಕ್ರಿ."

ಸೆಕೆಯಲ್ಲಿ ಮುಳುಗಿದ್ದು

ಸೆಲ್ಲನ್ನು ಚೆನ್ನಾಗಿ ಒರೆಸಿ ಒಳಗಿಟ್ಟೆ. ನೀರು ತಡೆಯುವ ರಬ್ಬರ್ ರಿಂಗಿಗೆ ಗ್ರೀಸು ಸವರಿ ಮುಚ್ಚಳ ತಿರುಗಿಸಿದೆ. ಗೋಡೆ ಗಡಿಯಾರ ತಪ್ಪಿದರೆ ಯಾರದೋ ಬಸ್ಸು ತಪ್ಪುತ್ತದೆ. ಇದು ತಪ್ಪಿದರೆ ಒಬ್ಬ ಮನುಷ್ಯ ಮೇಲೆ ಬರುವುದಿಲ್ಲ. ನೀರಿನಲ್ಲಿ ಅದ್ದಿ ನೋಡದೆ ಕೊಡಲು ನನಗೆ ಧೈರ್ಯವಾಗಲಿಲ್ಲ.

ಮನೆಗೆ ಹೋಗಿ ಒಂದು ಬಕೆಟ್ ನೀರು ಕೇಳಿದೆ. ಹೆಂಡತಿ ನನ್ನನ್ನೇ ನೋಡಿದಳು. "ಕುಡಿಲಿಕ್ಕ ಒಂದು ಕೊಡ ಉಳದದ. ಅದರಾಗ ಗಡಿಯಾರ ಅದ್ದತೀರೇನು? ಹೋಗ್ರಿ, ಮದಲ ನಳ ಬರೂಹಂಗ ಮಾಡ್ರಿ."

ನಳ ಬರಬೇಕೆಂದರೆ ಅವನು ಇಳಿಯಬೇಕು, ಅವನು ಇಳಿಯಬೇಕೆಂದರೆ ಇದನ್ನು ಅದ್ದಬೇಕು, ಅದ್ದಬೇಕೆಂದರೆ ನಳ ಬರಬೇಕು. ಇದನ್ನು ಅವಳಿಗೆ ತಿಳಿಸಿ ಹೇಳುವಷ್ಟು ತ್ರಾಣ ಇರಲಿಲ್ಲ. ಬರಿಗೈಲಿ ಅಂಗಡಿಗೆ ಮರಳಿ, ಯಂತ್ರವನ್ನು ಕೈಗೆ ಕಟ್ಟಿಕೊಂಡು ಕುಳಿತೆ. ಕರೆಂಟ್ ಇರಲಿಲ್ಲ. ತುಸು ಹೊತ್ತಿಗೆ ಅದು ಕುಂಯ್ ಎಂದು ತಾನೇ ಎಚ್ಚೆತ್ತು ಅಂಕಿ ತೋರಿಸತೊಡಗಿತು. ನಾನು ಹೌಹಾರಿದೆ.

ಅಂಗಡಿಯಲ್ಲೇ ಕಾಯುತ್ತಿದ್ದ ಮುಳುಗುಗಾರ ನಕ್ಕ. "ಒದ್ದೆಯಾದರೆ ಅದು ತಾನೇ ಚಾಲೂ ಆಗ್ತದೆ. ನಿಮ್ಮ ಬೆವರು ನೋಡಿ ಸಮುದ್ರ ಬಂತು ಅಂದುಕೊಂಡಿದೆ."

ಹೊಸ ಮಡಿಕೆಯ ಹಾಗೆ

"ಊರ ಹೊರಗ ಫರ್ಸಿ ಕಲ್ಲು ತಗದ ಖಣಿ ಅದಲ್ರಿ, ಮಳಿನೀರು ತುಂಬಿ ನಿಂತದ. ಅದರಾಗ ಬಿಡ್ರಿ" ಎಂದು ಪಕ್ಕದ ಅಂಗಡಿಯವರು ದಾರಿ ತೋರಿಸಿದರು. ಒಳ್ಳೆಯ ಮಾತೆನಿಸಿತು. ಮುಳುಗುಗಾರನನ್ನು ಸಾಹೇಬರು ಊಟಕ್ಕೆ ಕರೆದೊಯ್ದರು. ನಾನು ಯಂತ್ರಕ್ಕೆ ಹಗ್ಗ ಕಟ್ಟಿ, ಒಂದು ಕಲ್ಲು ಜೋಡಿಸಿ ಖಣಿಯ ತಳಕ್ಕೆ ಇಳಿಬಿಟ್ಟೆ. ನಮ್ಮಲ್ಲಿ ಹೊಸ ಮಡಿಕೆಯನ್ನು ರಾತ್ರಿಯೆಲ್ಲ ನೀರಿನಲ್ಲಿಟ್ಟು ನೋಡದೆ ಯಾರೂ ನಂಬುವುದಿಲ್ಲ. ಮಡಿಕೆಗೇ ಅಷ್ಟಿದ್ದರೆ ಮನುಷ್ಯನ ಜೀವಕ್ಕೆ ಎಷ್ಟಿರಬೇಕು? ಬೆಳಗಿನವರೆಗೆ ಹಾಗೇ ಬಿಟ್ಟೆ.

ಬೆಳಿಗ್ಗೆ ಸರಕ್ಕನೆ ಎಳೆದು ನೋಡಿದರೆ ಒಳಗೆ ಒಂದು ಹನಿಯೂ ಹೋಗಿರಲಿಲ್ಲ. ಬಹಳ ದಿನಗಳ ಮೇಲೆ ನನಗೆ ನನ್ನ ಕೆಲಸದ ಬಗ್ಗೆ ಸಂತೋಷವಾಯಿತು. ಆದರೆ ಯಂತ್ರ ಒಂದೇ ಸಮನೆ ಅರಚುತ್ತಿತ್ತು. ಪಂಪ್‌ಹೌಸಿಗೆ ಒಯ್ದು ಕೊಟ್ಟೆ.

"ಎಷ್ಟು ಹೊತ್ತು ಇಟ್ಟಿದ್ದಿರಿ?" ಎಂದ ಮುಳುಗುಗಾರ.

"ರಾತ್ರೆಲ್ಲ ಇಟ್ಟೀನ್ರಿ!"

ಅವನು ಹಣೆಗೆ ಕೈಹಚ್ಚಿ ಕುಳಿತ. "ಇದರ ಲೆಕ್ಕದಲ್ಲಿ ನಾನು ರಾತ್ರಿಯಿಡೀ ನೀರಿನಡಿ ಇದ್ದು ಈಗ ಒಮ್ಮೆಲೇ ಮೇಲೆ ಹಾರಿ ಬಂದಿದ್ದೇನೆ. ಇಷ್ಟೊತ್ತಿಗೆ ಆಸ್ಪತ್ರೆಯಲ್ಲಿರಬೇಕಿತ್ತು. ಇನ್ನು ಎರಡು ದಿನ ಇದು ಬೀಗ ಹಾಕಿಕೊಳ್ತದೆ, ಏನೂ ತೋರಿಸೋದಿಲ್ಲ."

ಸಾಹೇಬರಿಗೆ ಸಿಟ್ಟು ಬಂತು. "ಹ್ಯಾಂಗ್ ಅಂತದ? ನೀವು ರಾತ್ರಿ ನಮ್ಮ ಮನ್ಯಾಗ ರೊಟ್ಟಿ, ಪುಂಡಿಪಲ್ಯ ಉಂಡು ಗೊರಕಿ ಹೊಡದೀರಿ. ನಾ ಬರದು ಕೊಡ್ತೀನಿ!" ಬರೆದೇ ಬಿಟ್ಟರು: 'ಸದರಿಯವರು ನಿನ್ನೆ ರಾತ್ರಿ ನೀರಿನೊಳಗೆ ಇರಲಿಲ್ಲವೆಂದು ದೃಢೀಕರಿಸಲಾಗಿದೆ.' ಕೆಳಗೆ ಸಹಿ, ಕಚೇರಿಯ ಶಿಕ್ಕಾ. ಆ ಕಾಗದವನ್ನು ಯಂತ್ರದ ಮುಂದೆ ಹಿಡಿದರು.

ಯಂತ್ರ ಕುಂಯ್ ಎಂದಿತು.

"ನೋಡ್ರಿ, ಒಪ್ಪಿತು!" ಎಂದರು ಸಾಹೇಬರು.

ಮೇಲೆ ಬಂದದ್ದು

ಅದು ಒಪ್ಪಿರಲಿಲ್ಲ. ಎರಡು ದಿನ ಕಾಯಲೇಬೇಕಾಯಿತು. ಖಾಲಿ ಕೊಡ ಹಿಡಿದವರೆಲ್ಲ ನನ್ನ ಅಂಗಡಿಯ ಮುಂದೆಯೇ ಹಾದುಹೋದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಒಮ್ಮೆ ನೋಡಿ, ಕೊಡವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿ ಮುಂದೆ ಹೋಗುತ್ತಿದ್ದರು.

ಬೀಗ ಬಿಟ್ಟ ದಿನ ಅವನು ಇಳಿದ. ನಾನು ಬಾವಿಯ ಕಟ್ಟೆ ಹಿಡಿದು ನಿಂತಿದ್ದೆ. ಮೇಲೆ ಗುಳ್ಳೆ ಬರುತ್ತಿದ್ದವು. ಅವು ನಿಧಾನವಾದಾಗಲೆಲ್ಲ ನಾನು ಕಟ್ಟೆಯಿಂದ ಬಗ್ಗಿ ನೋಡುತ್ತಿದ್ದೆ. ಇನ್ನು ಮುಂದೆ ಯಾರ ಯಾವ ಸೆಲ್ಲನ್ನೂ ಮುಟ್ಟುವುದಿಲ್ಲ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಅವನು ಮೇಲೆ ಬಂದ, ನಗುತ್ತಲೇ ಬಂದ. ಯಂತ್ರ ಗುಲಗಂಜಿಯಷ್ಟೂ ತಪ್ಪಿರಲಿಲ್ಲ. ನನಗೆ ಅಳು ಬರುವಷ್ಟು ಹಗುರಾಯಿತು. ಅವನ ಹಿಂದೆಯೇ ಹಗ್ಗದಲ್ಲಿ ಗೋಣಿಚೀಲ, ಜಾಲಿಮುಳ್ಳು, ಹರಿದ ಸೀರೆ ಬಂದವು. "ಇವೆಲ್ಲ ಆಮೇಲೆ ಸಿಕ್ಕಿಕೊಂಡದ್ದು. ಮೊದಲು ಜಾಲರಿಯ ಬಾಯಿಗೆ ಅಂಟಿ ಕೂತದ್ದು ಇದು" ಎಂದು ಒಂದು ದೊಡ್ಡ ತಾಟಿನಷ್ಟು ಅಗಲದ ಗೋಡೆ ಗಡಿಯಾರ ಎತ್ತಿ ಕೊಟ್ಟ. ನಿಂತ ಗಡಿಯಾರ ಮನೆಯಲ್ಲಿದ್ದರೆ ಕೇಡೆಂದು ಯಾರೋ ಪುಣ್ಯಾತ್ಮರು ಹೊಳೆಗೆ ಬಿಟ್ಟಿದ್ದರು.

ಸಾಹೇಬರು ಅದನ್ನು ತಿರುಗಿಸಿದರು. ಹಿಂದೆ, ಸೆಲ್ಲು ಹಾಕಿ ಕೊಟ್ಟಾಗ ನಾನು ಹಚ್ಚಿದ್ದ ನನ್ನ ಅಂಗಡಿಯ ಸ್ಟಿಕರ್ ಹಾಗೇ ಇತ್ತು. ಅವರು ಸುತ್ತ ನಿಂತ ಮಂದಿಗೆಲ್ಲ ಒಂದು ಸಲ ತೋರಿಸಿದರು, ಅಷ್ಟೇ.

ನಾನು ಮನೆ ಮುಟ್ಟುವ ಹೊತ್ತಿಗೆ ನೀರಿಗಿಂತ ಮೊದಲು ಸುದ್ದಿ ಬಂದಿತ್ತು. ಹೆಂಡತಿ ನಳದ ಕೆಳಗೆ ಕೊಡ ಇಟ್ಟು ಕಾಯುತ್ತಿದ್ದಳು. ತಲೆಯೆತ್ತಲಿಲ್ಲ.

"ಏನ್ರಿ, ಆ ಗ್ವಾಡಿ ಗಡಿಯಾರದವರಿಗೆ ಆವಾಗೇ ಒಂದು ಖರೇ ಸೆಲ್ ಹಾಕಿ ಕೊಟ್ಟಿದ್ರ, ಇಷ್ಟು ದಿನ ಓಣಿಗೆಲ್ಲ ನೀರು ಬರ್ತಿತ್ತಲ್ರಿ?"