ಚುಕ್ಕಿ ಎಣಿಸಲು ಮುಯ್ಯಾಳು

ಎಣಿಸುವುದರಲ್ಲಿ ನಾನು ಹುಟ್ಟಾ ದಡ್ಡ. ಚಿಕ್ಕಂದಿನಲ್ಲಿ ಅಜ್ಜಿ ಇಪ್ಪತ್ತೊಂದು ಪ್ರದಕ್ಷಿಣೆಯ ಹರಕೆ ಹೊತ್ತು, ಲೆಕ್ಕ ಇಡಲು ನನ್ನನ್ನು ದೇವಸ್ಥಾನದ ಮೆಟ್ಟಿಲ ಮೇಲೆ ಕೂರಿಸಿದ್ದರು. ಪಾಪ, ನನ್ನ ದಯೆಯಿಂದ ಮೂವತ್ತು ದಾಟಿಸಿ ಸುತ್ತಿದರು. ಇಂಥವನಿಗೆ ದೇವರು ಎಣಿಸುವ ಉದ್ಯೋಗವನ್ನೇ ಕೊಟ್ಟ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಪೊನ್ನಂಪೇಟೆಯ ಹತ್ತಿರ ಕಾಫಿ ಗಿಡದ ರೋಗ ನೋಡುವ ಸಣ್ಣ ಪ್ರಯೋಗಶಾಲೆಯೊಂದರಲ್ಲಿ ನಾನು ಸಹಾಯಕನಾದೆ. ತುಕ್ಕುರೋಗ ಹಿಡಿದ ಎಲೆಯನ್ನು ತೊಳೆದ ನೀರಿನ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸಾಹೇಬರು ಫೋಟೋ ತೆಗೆಯುವರು. ಅದರಲ್ಲಿ ಕಾಣುವ ರೋಗದ ಚುಕ್ಕಿಗಳನ್ನು ನಾನು ಎಣಿಸಬೇಕು. ನೂರು ದಾಟುವಷ್ಟರಲ್ಲಿ ನನಗೆ ಆಕಳಿಕೆ ಬರುತ್ತಿತ್ತು, ಆಕಳಿಸಿದ ಮೇಲೆ ಮತ್ತೆ ಒಂದರಿಂದ ಶುರು.

ಆ ವಾರ ಅಂಥ ಹನ್ನೆರಡು ಫೋಟೋ ಬಂದವು. ಭಾನುವಾರ ಕುಟ್ಟದಲ್ಲಿ ನನ್ನ ಹೆಂಡತಿ ಸೀತೆಯ ಒಬ್ಬನೇ ತಮ್ಮನ ಮದುವೆ. "ಹನ್ನೆರಡೂ ಮುಗಿಸಿ, ರಜೆ ತಗೊಳ್ಳಿ. ಮುಗೀದಿದ್ರೆ ಇಲ್ಲ" ಎಂದುಬಿಟ್ಟರು ಸಾಹೇಬರು. ಬುಧವಾರದ ಹೊತ್ತಿಗೆ ನಾನು ಮುಗಿಸಿದ್ದು ಒಂದೇ ಒಂದು.

"ನೀವೊಬ್ರೇ ಎಣಿಸ್ತಾ ಕೂತ್ರೆ ನನ್ನ ತಮ್ಮನ ಮಗುವಿನ ನಾಮಕರಣಕ್ಕೆ ಹೋಗ್ಬಹುದು" ಎಂದಳು ಸೀತೆ. "ಗದ್ದೆ ನಾಟಿಗೆ ಮುಯ್ಯಾಳು ಕರೆಯೋದಿಲ್ವಾ? ಇದಕ್ಕೂ ಕರೆಯುವ."

ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎನ್ನುವುದೇ ಮುಯ್ಯಿ. ನಾನು ಹೂಂ ಅನ್ನುವುದಕ್ಕೆ ಮೊದಲೇ ಅವಳು ಕತ್ತರಿ ತಂದು ಫೋಟೋಗಳನ್ನು ಚೌಕಚೌಕವಾಗಿ ಕತ್ತರಿಸಿ, ಬೆನ್ನಿಗೆ ಗುರುತು ಹಾಕಿ, ಐದು ಮನೆಗಳಿಗೆ ಹಂಚಿ ಬಂದಳು. ಮಾನ ಉಳಿಸಿಕೊಳ್ಳಲು ನಾನೂ ಒಂದಿಷ್ಟು ತುಂಡು ಇಟ್ಟುಕೊಂಡೆ. ಎರಡು ವಾರದ ಕೆಲಸ ಮರುದಿನ ಸಂಜೆಗೆ ಮುಗಿದಿತ್ತು. ನನಗಂತೂ ಅವಳ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು.

ಶುಕ್ರವಾರ ತುಂಡುವಾರು ಲೆಕ್ಕ ಒಪ್ಪಿಸಿದಾಗ ಸಾಹೇಬರು ಮೊದಲು ಹುಡುಕಿದ್ದು ಹನ್ನೆರಡನೆಯ ಫೋಟೋದ ಲೆಕ್ಕ. ಅದು ಅವರ ಹೊಸ ಔಷಧಿ ಹೊಡೆದ ಎಲೆಯದು. ನೋಡಿದವರ ಮುಖ ಸಪ್ಪಗಾಯಿತು. "ಇಷ್ಟು ಔಷಧಿ ಹೊಡೆದರೂ ಪ್ರತಿ ತುಂಡಿನಲ್ಲೂ ಒಂದೊಂದು ಚುಕ್ಕಿಯೇ? ಮತ್ತೆ ಎಣಿಸಿ. ರಜೆಯ ಮಾತು ಆಮೇಲೆ."

ಆ ಫೋಟೋ ಹೋಗಿದ್ದು ಪಕ್ಕದ ಮನೆಯ ಬೊಳ್ಳಮ್ಮನವರಿಗೆ. ಓಡಿದೆ.

"ಅದ್ರಲ್ಲಿ ಎಂತದೂ ಇರ್ಲಿಲ್ಲ ಮಾರಾಯ್ರೆ" ಎಂದರು ಅವರು ತಣ್ಣಗೆ. "ಸೀತೆ ಪಲ್ಯ ಕೊಟ್ಟ ಪಾತ್ರೆಯನ್ನ ನಾನು ಯಾವತ್ತಾದ್ರೂ ಖಾಲಿ ವಾಪಸ್ ಕಳ್ಸಿದ್ದುಂಟಾ? ಅದೂ ಮದುವೆಗೆ ಹೊರಟವಳ ಕೈಗೆ ಸೊನ್ನೆ ಕೊಡೋದಾ? ಒಂದೊಂದು ಬರೆದೆ."

ಸಿಟ್ಟು ಮಾಡೋಣವೆಂದರೆ ಆಗಲೇ ಕೈಗೆ ಕಾಫಿ ಕೊಟ್ಟಿದ್ದರು. ಕುಡಿದು ಬಂದೆ.

ವಿಷಯ ಕೇಳಿ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಔಷಧಿ ಗೆದ್ದಿತ್ತಲ್ಲ! ಆದರೂ ಅನುಮಾನ ಹೋಗದೆ, ಭೂತಗನ್ನಡಿ ಹಿಡಿದು ಎಲ್ಲ ಮನೆಗಳ ಒಂದೆರಡು ತುಂಡುಗಳನ್ನು ತಾವೇ ಎಣಿಸಿದರು. ಬೊಳ್ಳಮ್ಮನವರ ಆ ಧಾರಾಳವೊಂದು ಬಿಟ್ಟರೆ ಐದು ಮನೆಗಳದ್ದೂ ಚುಕ್ಕಿ ತಪ್ಪದೆ ಸರಿಯಿತ್ತು. ಇನ್ನೊಂದು ಮನೆಯ ತುಂಡುಗಳು ಮಾತ್ರ ಪೂರಾ ತಪ್ಪು. ಯಾರ ಮನೆಯದೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಜೆಯ ಚೀಟಿಗೆ ರುಜು ಹಾಕುತ್ತಾ ಅವರು ಮೆಲ್ಲಗೆ ಹೇಳಿದರು: "ನೀವು ವಾರವೆಲ್ಲಾ ಆರಾಮವಾಗಿ ಇದ್ದು ಬನ್ನಿ. ನಿಮ್ಮ ಮನೆಯವರನ್ನು ಮಾತ್ರ ಸ್ವಲ್ಪ ಬೇಗ ಕಳಿಸಿಕೊಡಿ."

ಸೀತೆಗೆ ನಾನು ಹೇಳಿದ್ದು ಮೊದಲ ವಾಕ್ಯವನ್ನಷ್ಟೇ.